ಗ್ರೀಕ್ ಅಕ್ಷರದ ಮನೆಗಳು

14 ಸೆಪ್ಟೆಂಬರ್ 2025, ಭಾನುವಾರ
ಸ್ಕೆನೆಕ್ಟಡಿ, ನ್ಯೂಯಾರ್ಕ್

ಇಲ್ಲಿನ ಯೂನಿಯನ್ ಕಾಲೇಜಿನಲ್ಲಿ ಈಗ ರಷ್ ಸೀಸನ್. ಸಂಜೆ ವಾಕಿಂಗಿಗೆ ಆ ಕಡೆ ಹೋದರೆ ಎದೆ ಮೇಲೆ ಎರಡು ಮೂರು ಗ್ರೀಕ್ ಅಕ್ಷರ ಇರುವ ಟೀಶರ್ಟು ಹಾಕಿಕೊಂಡ ಹುಡುಗ ಹುಡುಗಿಯರ ಗುಂಪುಗಳು ಎದುರಾಗುತ್ತವೆ. ಇವು ಗ್ರೀಕ್ ಅಕ್ಷರಗಳನ್ನೇ ಹೆಸರಾಗಿ ಇಟ್ಟುಕೊಂಡ, ತಮ್ಮದೇ ಮನೆ ಇರುವ ವಿದ್ಯಾರ್ಥಿ ಸಂಘಗಳು. ಹುಡುಗರದ್ದು ಫ್ರೆಟರ್ನಿಟಿ, ಹುಡುಗಿಯರದ್ದು ಸೊರೊರಿಟಿ. ರಷ್ ಅಂದರೆ ಒಳಗಿದ್ದವರು ಹೊಸಬರನ್ನು ನೋಡಿ, ಮಾತಾಡಿಸಿ, ಬೇಕಾದವರನ್ನು ಆರಿಸಿಕೊಳ್ಳುತ್ತಾರೆ. ಆಮೇಲೆ ಗುಟ್ಟಿನ ವಿಧಿ, ಗುಟ್ಟಿನ ಹಸ್ತಲಾಘವ, ಸಾಯುವ ತನಕ ಅಣ್ಣತಮ್ಮ, ಅಕ್ಕತಂಗಿ ಸಂಬಂಧ.

ಈ ಊರಿಗೆ ಬಂದ ಹೊಸದರಲ್ಲಿ ಇದೆಲ್ಲ ದೊಡ್ಡ ದೊಡ್ಡ ಯೂನಿವರ್ಸಿಟಿಗಳ ಕಥೆ ಅಂದುಕೊಂಡಿದ್ದೆ. ಆದರೆ ಬೇರು ಇರುವುದು ಇಲ್ಲೇ, ಎರಡು ಸಾವಿರ ಚಿಲ್ಲರೆ ಮಕ್ಕಳು ಓದುವ ಈ ಪುಟ್ಟ ಕಾಲೇಜಿನಲ್ಲಿ. 1825ರಲ್ಲಿ ಕಪ್ಪಾ ಆಲ್ಫಾ ಎಂಬ ಫ್ರೆಟರ್ನಿಟಿ ಹುಟ್ಟಿದ್ದು ಇಲ್ಲಿ. 1827ರಲ್ಲಿ ಸಿಗ್ಮಾ ಫೈ, ಡೆಲ್ಟಾ ಫೈ. ಆಮೇಲೆ ಇನ್ನೂ ಮೂರು. ಈ ವರ್ಷ ಮೊದಲನೆಯದಕ್ಕೆ ಇನ್ನೂರು ತುಂಬುತ್ತದೆ. ಫ್ರೆಟರ್ನಿಟಿಗಳ ತಾಯಿ ಅಂತಲೇ ಈ ಕಾಲೇಜಿಗೆ ಹೆಸರು. ಅಮೆರಿಕದ 21ನೇ ಅಧ್ಯಕ್ಷ ಚೆಸ್ಟರ್ ಆರ್ಥರ್ ಕೂಡ ಇಲ್ಲಿ ಓದುವಾಗ ಸೈ ಅಪ್ಸಿಲಾನ್ ಹುಡುಗ.

ಅರವತ್ತೆರಡು ವರ್ಷ ಕಾಲೇಜಿನ ಅಧ್ಯಕ್ಷರಾಗಿದ್ದ ಎಲಿಫಲೆಟ್ ನಾಟ್ ಅವರಿಗೆ ಮೊದಮೊದಲು ಇದು ಸೇರಿ ಬರಲಿಲ್ಲ. ಕಾಲವೂ ಹಾಗಿತ್ತು. 1826ರಲ್ಲಿ ಇದೇ ರಾಜ್ಯದ ಪಶ್ಚಿಮದ ಕಡೆ, ಫ್ರೀಮೇಸನ್ ಎಂಬ ಗುಟ್ಟಿನ ಸಂಘದವರ ಗುಟ್ಟು ಬಯಲು ಮಾಡುತ್ತೇನೆ ಅಂದ ವಿಲಿಯಂ ಮಾರ್ಗನ್ ಎಂಬಾತ ನಾಪತ್ತೆಯಾಗಿದ್ದ. ಗುಟ್ಟಿನ ಸಂಘ ಅಂದರೆ ಜನ ಉರಿದುಬೀಳುತ್ತಿದ್ದರು. ನಾಟ್ ಕೂಡ ಮೊದಲು ಗದರಿದರು, ಆಮೇಲೆ ಸುಮ್ಮನಾದರು. ಅವರ ಹೆಸರಿನ ಹದಿನಾರು ಮುಖದ ಕಟ್ಟಡ ಇವತ್ತಿಗೂ ಕ್ಯಾಂಪಸ್ಸಿನ ನಡುವೆ ನಿಂತಿದೆ.

ಈ ಚರಿತ್ರೆಯಲ್ಲಿ ನನ್ನನ್ನು ಬಿಡದೆ ಕಾಡುವುದು ಫಿಲಿಪ್ ಸ್ಪೆನ್ಸರ್ ಎಂಬ ಹುಡುಗ. 1841ರಲ್ಲಿ ಇಲ್ಲಿ ಕೈ ಸೈ ಎಂಬ ಫ್ರೆಟರ್ನಿಟಿ ಶುರು ಮಾಡಿದ ಹುಡುಗರಲ್ಲಿ ಅವನೂ ಒಬ್ಬ. ಓದಿನಲ್ಲಿ ಅಷ್ಟಕ್ಕಷ್ಟೇ, ಗುಟ್ಟು ಸಂಕೇತ ಅಂದರೆ ಪ್ರಾಣ. ಕಾಲೇಜು ಬಿಟ್ಟು ನೌಕಾಪಡೆ ಸೇರಿದ. 1842ರ ಕೊನೆಗೆ ಸಾಮರ್ಸ್ ಎಂಬ ಹಡಗು ಆಫ್ರಿಕಾದಿಂದ ವಾಪಸ್ ಬರುತ್ತಿದ್ದಾಗ, ಇವನು ದಂಗೆ ಎಬ್ಬಿಸಿ ಹಡಗು ಹೊಡೆದುಕೊಳ್ಳಲು ಹೊರಟಿದ್ದಾನೆ ಅಂತ ಕ್ಯಾಪ್ಟನ್ ಮೆಕೆಂಜಿಗೆ ಸುದ್ದಿ ಮುಟ್ಟಿತು. ಹುಡುಕಿದಾಗ ಒಂದು ಕಾಗದ ಸಿಕ್ಕಿತು. ಪೂರ್ತಿ ಗ್ರೀಕ್ ಅಕ್ಷರ. ಗ್ರೀಕ್ ಬಲ್ಲ ಇನ್ನೊಬ್ಬ ಹುಡುಗನ ಕೈಲಿ ಓದಿಸಿದರೆ ಭಾಷೆ ಇಂಗ್ಲಿಷೇ! ನಮ್ಮವರು ಕನ್ನಡವನ್ನು ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹಾಗೆ. ಅದರಲ್ಲಿ ಹಡಗಿನವರ ಹೆಸರುಗಳ ಪಟ್ಟಿ. ಯಾರು ಖಚಿತ, ಯಾರ ಮೇಲೆ ಅನುಮಾನ ಅಂತ ಗುರುತು. ಬರೀ ತಮಾಷೆಗೆ ಮಾಡಿದ್ದು ಅಂದ ಸ್ಪೆನ್ಸರ್. ಯಾರು ಕೇಳುತ್ತಾರೆ? ಸರಿಯಾದ ವಿಚಾರಣೆ ಕೂಡ ಇಲ್ಲದೆ ಡಿಸೆಂಬರ್ 1ರಂದು ಅವನನ್ನೂ ಇನ್ನಿಬ್ಬರನ್ನೂ ನಡುಸಮುದ್ರದಲ್ಲೇ ಗಲ್ಲಿಗೇರಿಸಿದರು. ಆಗ ಅವನ ಅಪ್ಪ ಅಮೆರಿಕದ ಯುದ್ಧಮಂತ್ರಿ. ಕ್ಯಾಪ್ಟನ್ ಮೇಲೆ ಸೈನಿಕ ವಿಚಾರಣೆ ನಡೆಯಿತು, ಅವನು ಪಾರಾದ.

ದಂಗೆ ನಿಜವೋ ಹುಡುಗಾಟವೋ ಅಂತ ಜನ ಇನ್ನೂ ವಾದ ಮಾಡುತ್ತಾರೆ. ನನಗಂತೂ ಪಟ್ಟಿ ನೋಡಿದರೆ ರಷ್ ಪಟ್ಟಿಯೇ ನೆನಪಾಗುತ್ತದೆ. ಯಾರು ಬೇಕು, ಯಾರು ಬೇಡ, ಯಾರನ್ನು ಇನ್ನೊಮ್ಮೆ ನೋಡೋಣ.

ಇಷ್ಟೆಲ್ಲ ಯಾಕೆ ತಲೆಯಲ್ಲಿ ಓಡುತ್ತಿದೆ ಅಂದರೆ, ಗೆಳತಿಯ ಮಗಳು ಇಲ್ಲಿ ಎರಡನೇ ವರ್ಷ. ಮೊದಲ ವರ್ಷದವರು ಬಂದ ಕೂಡಲೇ ಸೇರುವ ಹಾಗಿಲ್ಲ. ಈಗ ಇವಳ ಸರದಿ. ಅವರಮ್ಮ ನ್ಯೂಜೆರ್ಸಿಯಲ್ಲಿ ಕೂತು ಗಾಬರಿ. "ನೀನು ಹತ್ತಿರದಲ್ಲೇ ಇದೀಯ, ಸ್ವಲ್ಪ ಬುದ್ಧಿ ಹೇಳು" ಅಂತ ನನಗೆ ವಹಿಸಿದ್ದಾಳೆ. ಇವತ್ತು ಜೇ ಸ್ಟ್ರೀಟಿನ ಭಾನುವಾರದ ಸಂತೆಗೆ ಅವಳನ್ನೂ ಕರೆದುಕೊಂಡು ಹೋಗಿದ್ದೆ. ಬುದ್ಧಿ ಹೇಳುವುದಿರಲಿ, ನಾನೇ ಪಾಠ ಹೇಳಿಸಿಕೊಂಡು ಬಂದೆ.

ಅವಳು ಹೇಳಿದ್ದು ಸರಳ. "ಆಂಟಿ, ಅಕ್ಷರ ಮುಖ್ಯ ಅಲ್ಲ, ಮನೆ ಮುಖ್ಯ." ಇಪ್ಪತ್ತು ಸಾವಿರ ಮಕ್ಕಳಿರುವ ಕಡೆ ಗ್ರೀಕ್ ಸಹವಾಸ ಬೇಡ ಅಂದರೆ ಬಿಟ್ಟುಬಿಡಬಹುದು. ಬೇರೆ ನೂರು ಜಾಗ ಇರುತ್ತವೆ. ಪುಟ್ಟ ಕಾಲೇಜಿನಲ್ಲಿ ಹಾಗಲ್ಲ. ಶನಿವಾರ ರಾತ್ರಿ ಎಲ್ಲರೂ ಸೇರುವಂಥ ಹಾಲ್, ಅಡುಗೆಮನೆ, ಜಗಲಿ ಯಾರ ಕೈಲಿದೆಯೋ ಊರು ಅವರ ಹಿಂದೆ. ಮೊದಲ ವರ್ಷ ಒಟ್ಟಿಗೆ ಉಂಡು ಮಲಗಿದ ನಾಲ್ವರಲ್ಲಿ ಇಬ್ಬರು ಒಂದು ಕಡೆ, ಒಬ್ಬಳು ಇನ್ನೊಂದು ಕಡೆ ಹೋದರೆ ಉಳಿದವಳು ಊಟದ ಹಾಲ್‌ನಲ್ಲಿ ಯಾರ ಜೊತೆ ಕೂರಬೇಕು?

ಇನ್ನೊಂದು ವಿಷಯ ಗೊತ್ತಾಗಿ ಬೆರಗಾಯಿತು. ದೇಶದ ದೊಡ್ಡ ದೊಡ್ಡ ಸೊರೊರಿಟಿಗಳ ಮನೆಗಳಲ್ಲಿ ಮದ್ಯ ಇಡುವ ಹಾಗಿಲ್ಲ, ಅದು ಅವುಗಳದ್ದೇ ನಿಯಮ. ಒಳ್ಳೆಯದೇ ಅಂತ ಅನಿಸುತ್ತದೆ, ಅಲ್ವಾ? ಆದರೆ ಪಾರ್ಟಿ ನಿಲ್ಲುವುದಿಲ್ಲವಲ್ಲ. ಅದು ಹುಡುಗರ ಮನೆಗೆ ಹೋಗುತ್ತದೆ. ಬಾಗಿಲಲ್ಲಿ ನಿಂತು ಯಾರನ್ನು ಬಿಡಬೇಕು ಅನ್ನುವವನು ಹುಡುಗ, ಗ್ಲಾಸಿಗೆ ಏನು ಹಾಕಬೇಕು ಅನ್ನುವವನೂ ಹುಡುಗ. ಹುಡುಗಿಯರನ್ನು ಕಾಪಾಡೋಕೆ ಮಾಡಿದ ನಿಯಮ ಅವರನ್ನು ಪರರ ಮನೆಗೆ ಅಟ್ಟಿತು. ನನಗಂತೂ ಸಿಟ್ಟು ಬಂತು. ಅವಳು ಸುಮ್ನೆ ಭುಜ ಕುಣಿಸಿ ಜೋಳ ತಿಂದಳು.

ಬರೀ ಬೈಯುವುದೂ ಸರಿಯಲ್ಲ. ನಮ್ಮ ಯಜಮಾನರು ಪವರ್ ಇಂಜಿನಿಯರ್. ಮನೆಯಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಜ್ ಹೆಸರು ದಿನಕ್ಕೊಮ್ಮೆ ಕೇಳದಿದ್ದರೆ ಊಟ ಸೇರುವುದಿಲ್ಲ. ಜರ್ಮನಿಯಿಂದ ಬಂದವರು, ನಾಲ್ಕಡಿ ಎತ್ತರ, ಬೆನ್ನು ಗೂನು. ಜನರಲ್ ಎಲೆಕ್ಟ್ರಿಕ್ (ಜಿಇ) ಕಂಪನಿಯಲ್ಲಿ ಎಸಿ ವಿದ್ಯುತ್ತಿನ ಲೆಕ್ಕ ಬಿಡಿಸಿ ಹೆಸರು ಮಾಡಿದರು, 1902ರಿಂದ ಯೂನಿಯನ್ನಿನಲ್ಲಿ ಪಾಠ ಹೇಳಿದರು. ಅಂಥವರು ಇಲ್ಲಿನ ಫೈ ಗಾಮಾ ಡೆಲ್ಟಾದ ಸದಸ್ಯರಾಗಿದ್ದರು! ಬೇರೆ ದೇಶದಿಂದ ಒಂಟಿಯಾಗಿ ಬಂದವನಿಗೆ ಒಂದು ಮನೆಯ ಬಾಗಿಲು ತೆರೆದರೆ ಏನಾಗುತ್ತದೆ ಅಂತ ನಮ್ಮಂಥವರಿಗೆ ಬೇರೆ ಹೇಳಬೇಕಾ?

ಆದರೆ ಎಲ್ಲರಿಗೂ ಹಾಗೆ ತೆರೆಯಲಿಲ್ಲ. ಎಷ್ಟೋ ಸಂಘಗಳ ನಿಯಮದಲ್ಲೇ ಕರಿಯರಿಗೆ, ಯೆಹೂದಿಗಳಿಗೆ ಜಾಗ ಇರಲಿಲ್ಲ. 1948ರಲ್ಲಿ ಮ್ಯಾಸಚೂಸೆಟ್ಸಿನ ಆಮ್ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಹುಡುಗರು ಥಾಮಸ್ ಗಿಬ್ಸ್ ಎಂಬ ಕರಿಯ ಹುಡುಗನನ್ನು ಸೇರಿಸಿಕೊಂಡರು. ಕೇಂದ್ರ ಸಂಘ ಆ ಶಾಖೆಯನ್ನೇ ಹೊರಹಾಕಿತು. ಹುಡುಗರು ಜಗ್ಗಲಿಲ್ಲ, ಹೆಸರು ಬದಲಿಸಿಕೊಂಡು ಸ್ವಂತವಾಗಿ ನಡೆಸಿದರು. ಆ ಹುಡುಗರ ಮೇಲೆ ನನಗೆ ತುಂಬ ಗೌರವ. ಇಲ್ಲಿಂದ ಕಾರಲ್ಲಿ ಒಂದು ಗಂಟೆಯ ದಾರಿಯ ವಿಲಿಯಮ್ಸ್ ಕಾಲೇಜು 1962ರಲ್ಲಿ ಫ್ರೆಟರ್ನಿಟಿಗಳನ್ನು ಮುಚ್ಚುವ ತೀರ್ಮಾನ ಮಾಡಿ, ಮಕ್ಕಳ ವಾಸ ಊಟ ಎರಡನ್ನೂ ತಾನೇ ನೋಡಿಕೊಳ್ಳಲು ಹೊರಟಿತು. ಆಮ್ಹರ್ಸ್ಟ್ 1984ರಲ್ಲಿ ಅದೇ ದಾರಿ ಹಿಡಿಯಿತು.

ಫ್ರೆಟರ್ನಿಟಿಗಳ ತಾಯಿ ಯೂನಿಯನ್ನಿಗೆ ಅಷ್ಟು ಗಟ್ಟಿ ಮನಸ್ಸು ಬರಲಿಲ್ಲ. 2004ರಲ್ಲಿ ಮಿನರ್ವಾ ಹೌಸ್ ಅಂತ ಏಳು ಮನೆ ಮಾಡಿದರು. ಕೆಲವು ಹಳೆಯ ಫ್ರೆಟರ್ನಿಟಿ ಮನೆಗಳನ್ನೇ ಕಾಲೇಜು ಇದಕ್ಕೆ ತೆಗೆದುಕೊಂಡಿತು. ಸೇರಿದ ಪ್ರತಿ ಮಗುವಿಗೂ ಒಂದು ಮಿನರ್ವಾ, ಮೇಷ್ಟರುಗಳಿಗೂ ಒಂದೊಂದು. ಯಾರೂ ಆರಿಸುವುದಿಲ್ಲ, ಯಾರನ್ನೂ ಬಿಡುವುದಿಲ್ಲ. ನನ್ನ ಕೇಳಿದರೆ ಇದೇ ಸರಿಯಾದ ಏಟು. ಅಕ್ಷರ ಬೇಕಾದರೆ ಇಟ್ಟುಕೊಳ್ಳಲಿ, ಹಾಲ್, ಅಡುಗೆಮನೆ ಎಲ್ಲರದ್ದಾಗಲಿ. ಹುಡುಗಿ ನಕ್ಕಳು. "ಮಿನರ್ವಾ ಊಟಕ್ಕೆ ಎಲ್ಲರೂ ಬರ್ತಾರೆ ಆಂಟಿ. ಆದ್ರೆ ನನ್ನನ್ನೇ ಬೇಕು ಅಂತ ಅಲ್ಲಿ ಯಾರೂ ಕರೆದಿಲ್ಲ." ಹತ್ತೊಂಬತ್ತರ ವಯಸ್ಸಿಗೆ ಆ ಕರೆ ಎಷ್ಟು ದೊಡ್ಡದು ಅಂತ ನನಗೂ ಗೊತ್ತು. ಮರುಮಾತಾಡಲಿಲ್ಲ.

ಕೊನೆಗೆ ಹೇಜಿಂಗ್, ಅಂದರೆ ಸಂಘಕ್ಕೆ ಸೇರುವ ಹೊಸಬರನ್ನು ಪೀಡಿಸುವುದರ ಮಾತು ಬಂತು. ನಾನು ಓದಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ರ‍್ಯಾಗಿಂಗ್ ಜಾಸ್ತಿಯೇ ಇತ್ತು. ಹುಡುಗಿಯರ ಹಾಸ್ಟೆಲಿನಲ್ಲೂ ರಾತ್ರಿ ಸಾಲಾಗಿ ನಿಲ್ಲಿಸುತ್ತಿದ್ದರು. ಆದರೆ ಅದನ್ನು ನಾವ್ಯಾರೂ ಬಯಸಿ ಹೋಗಿರಲಿಲ್ಲ. ಹಾಗಾಗಿ ಅತ್ತೆವು, ಬೈದೆವು, ವಾರ್ಡನ್ ಹತ್ತಿರ ಹೇಳಿದವರೂ ಇದ್ದರು. ಇಲ್ಲಿ ಹಾಗಲ್ಲ. ಒಳಗೆ ಬರಬೇಕು ಅನ್ನುವವರಿಗೆ ಮಾತ್ರ ಹೇಜಿಂಗ್. ತಾನೇ ಬಯಸಿ ಬಾಗಿಲು ತಟ್ಟಿದವನು ಯಾರ ಮೇಲೆ ದೂರು ಕೊಡುತ್ತಾನೆ? ಅದಕ್ಕೇ ಸಾವುಗಳು ಆದಮೇಲೆ ಸುದ್ದಿ ಹೊರಬರುತ್ತದೆ. 2017ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ತಿಮೋಥಿ ಪಿಯಾಜ್ಜಾ ಎಂಬ ಹತ್ತೊಂಬತ್ತರ ಹುಡುಗನಿಗೆ ಸೇರುವ ರಾತ್ರಿ ವಿಪರೀತ ಕುಡಿಸಿದರು. ಅವನು ಮೆಟ್ಟಿಲಿಂದ ಬಿದ್ದ. ಗಂಟೆಗಟ್ಟಲೆ ಯಾರೂ ಆಂಬ್ಯುಲೆನ್ಸ್ ಕರೆಯಲಿಲ್ಲ.

ಇವಳು ಸೇರಬೇಕು ಅಂದುಕೊಂಡಿರುವ ಮನೆಯ ಹುಡುಗಿಯರು ಒಳ್ಳೆಯವರಂತೆ. ಇರಬಹುದು. ಹೋದ ಡಿಸೆಂಬರಿನಲ್ಲಿ ಹೊಸ ಕಾನೂನು ಬಂದಿದೆ, ಹೇಜಿಂಗ್ ಮಾಡಿ ಸಿಕ್ಕಿಬಿದ್ದ ಸಂಘಗಳ ಹೆಸರನ್ನು ಕೇಂದ್ರ ಸರ್ಕಾರದ ನೆರವು ಪಡೆಯುವ ಪ್ರತಿ ಕಾಲೇಜೂ ಬಹಿರಂಗವಾಗಿ ಪ್ರಕಟಿಸಬೇಕು, ಅದನ್ನು ಓದಿ ನೋಡು ಅಂದೆ. ಅವಳು ಅಲ್ಲೇ ಫೋನ್ ತೆಗೆದು ಹುಡುಕಿದಳು. ಮೊದಲ ವರದಿಗೆ ಕೊಟ್ಟಿರುವ ಗಡುವು ಈ ಡಿಸೆಂಬರ್ 23. ಇವಳ ರಷ್ ಮುಗಿಯುವುದು ಈ ತಿಂಗಳೇ.