ಕಣೇಕಲ್ ಮರಳಿಗೆ ರಿಯಾದ್ ಸಭೆ ಏನು ಮಾಡೀತು?

ಆಂಧ್ರದ ಅನಂತಪುರ ಜಿಲ್ಲೆಯ ನಮ್ಮ ರಾಯದುರ್ಗದ ಕಡೆಯವರು ಮರಳುಗಾಡು ನೋಡೋಕೆ ರಾಜಸ್ಥಾನಕ್ಕೆ ಹೋಗಬೇಕಿಲ್ಲ. ಕಣೇಕಲ್, ಬೊಮ್ಮನಹಾಳ್ ಹತ್ತಿರ ವೇದಾವತಿ ಹಗರಿ ನದಿ ದಂಡೆಯಲ್ಲೇ ಮರಳಿನ ದಿಬ್ಬಗಳಿವೆ. ಆಷಾಢದ ಗಾಳಿ ಜೋರಾದರೆ ಮರಳು ಹೊಲಕ್ಕೆ ನುಗ್ಗುತ್ತದೆ, ಶೇಂಗಾದ ಎಳೆ ಸಸಿ ಮುಚ್ಚಿಹೋಗುತ್ತದೆ, ಬದು ಎಲ್ಲಿತ್ತು ಅಂತಲೂ ಗೊತ್ತಾಗುವುದಿಲ್ಲ.

ಅದಕ್ಕೇ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದದ ಸುದ್ದಿಯನ್ನು ಬಿಡದೆ ಓದುತ್ತೇನೆ. 1994ರ ಒಪ್ಪಂದ ಅದು. 196 ದೇಶಗಳು, ಜೊತೆಗೆ ಐರೋಪ್ಯ ಒಕ್ಕೂಟ ಅದರಲ್ಲಿವೆ. 2019ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ಸಭೆ ಸೇರಿದಾಗ, 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳು ಭೂಮಿ ಸರಿಪಡಿಸುತ್ತೇವೆ ಎಂದು ಭಾರತ ಮಾತು ಕೊಟ್ಟಿತು. 2024ರ ರಿಯಾದ್ ಸಭೆಯಲ್ಲಿ ಬರದ ಬಗ್ಗೆ ಎಲ್ಲ ದೇಶಗಳೂ ಪಾಲಿಸಲೇಬೇಕಾದ ಒಪ್ಪಂದ ಆಗಲೇ ಇಲ್ಲ. ಬೇಜಾರಾಯಿತು.

ನನಗೆ ಜಾಸ್ತಿ ಹಿಡಿಸಿದ್ದು ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ರೈತರ 'ಜಾಯ್' ಗುಂಡಿ. ಬೇಸಿಗೆಯಲ್ಲೇ ಗಟ್ಟಿ ನೆಲದಲ್ಲಿ ಗೇಣಗಲದ ಗುಂಡಿ ತೋಡಿ ಒಂದೆರಡು ಹಿಡಿ ತಿಪ್ಪೆಗೊಬ್ಬರ ಹಾಕುತ್ತಾರೆ, ಗೊಬ್ಬರಕ್ಕೆ ಗೆದ್ದಲು ಬರುತ್ತದೆ, ಅದು ಕೊರೆದ ತೂತುಗಳಲ್ಲಿ ಮಳೆನೀರು ಇಳಿಯುತ್ತದೆ, ಆಮೇಲೆ ಅಲ್ಲೇ ಸಜ್ಜೆ, ಜೋಳ ಬಿತ್ತುತ್ತಾರೆ. ಪಕ್ಕದ ನೈಜರ್‌ನಲ್ಲಿ ರೈತರು ಮರದ ಬೊಡ್ಡೆಯ ಚಿಗುರು ಕಾಯ್ದು ಬೆಳೆಸಿ ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮತ್ತೆ ಮರ ಕಂಡಿದ್ದಾರೆ. ಹಗರಿ ಮರಳಿಗೆ ಗುಂಡಿ ಆಗದು, ಆದರೆ ಕಲ್ಯಾಣದುರ್ಗದ ಗಟ್ಟಿ ಕೆಂಪು ನೆಲದಲ್ಲಿ ಮಾಡಿ ನೋಡಬಹುದು ಅಲ್ವಾ?

ಸಭೆಗಳಲ್ಲಿ ಹಣದ ಮಾತೇ ಜಾಸ್ತಿ. ಹಣ ಬೇಕು, ನಿಜ. ಆದರೆ ಅದರಲ್ಲಿ ಸ್ವಲ್ಪವನ್ನಾದರೂ ರೈತರ ಓಡಾಟಕ್ಕೆ ಇಡಲಿ. ಬುರ್ಕಿನಾ ಫಾಸೋ ರೈತರು ಬಂದು ನಮ್ಮ ಹೊಲದಲ್ಲಿ ಗುಂಡಿ ತೋಡಿ ತೋರಿಸಲಿ, ನಮ್ಮವರೂ ಅಲ್ಲಿಗೆ ಹೋಗಿ ಬರಲಿ.