ಕ್ಯಾಸಂಬಳ್ಳಿಯ ಚೆಂಗಲರಾಯ ರೆಡ್ಡಿಯವರು ಮತ್ತು ನಮ್ಮ ಚರಿತ್ರೆಯ ಮೇಷ್ಟ್ರು

ಶಾಲೆಯ ಸ್ಮರಣ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಅಂತರಗಂಗೆಯ ಮೆಟ್ಟಿಲು, ಕೋಲಾರಮ್ಮನ ಗುಡಿ, ಕಬಡ್ಡಿ ಪಂದ್ಯ, ಇವನ್ನೆಲ್ಲ ನನ್ನ ಸಹಪಾಠಿಗಳು ನನಗಿಂತ ಸೊಗಸಾಗಿ ಬರೆಯುತ್ತಾರೆ. ನನ್ನ ಪಾಲಿಗೆ ಶಾಲೆ ಎಂದೊಡನೆ ಎದ್ದು ಬರುವುದು ನಾವು ಕಣ್ಣಾರೆ ಕಾಣದ ಒಬ್ಬ ರಾಜಕಾರಣಿಯ ಬದುಕು. ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರನ್ನು ನಮ್ಮೊಳಗೆ ತಂದು ಕೂರಿಸಿದವರು ನಮ್ಮ ಚರಿತ್ರೆಯ ಮೇಷ್ಟ್ರು.

1976ರ ಫೆಬ್ರುವರಿಯಲ್ಲಿ ರೆಡ್ಡಿಯವರು ತೀರಿಕೊಂಡರು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮೌನಾಚರಣೆ ಆಯಿತು, ಮುಖ್ಯೋಪಾಧ್ಯಾಯರು ನಾಲ್ಕು ಮಾತು ಆಡಿದರು. ನಮ್ಮಲ್ಲಿ ಹೆಚ್ಚಿನವರಿಗೆ ಅವರು ಯಾರೆಂಬುದೇ ತಿಳಿದಿರಲಿಲ್ಲ. ತರಗತಿಗೆ ಬಂದ ಮೇಷ್ಟ್ರು ಆ ದಿನ ಪಠ್ಯಪುಸ್ತಕ ತೆರೆಯಲಿಲ್ಲ. ಕರಿಹಲಗೆಯ ಎಡತುದಿಯಲ್ಲಿ 1930 ಎಂದು ಬರೆದರು, ಬಲತುದಿಯಲ್ಲಿ 1947 ಎಂದು ಬರೆದರು. ಇವೆರಡರ ನಡುವೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ದಪ್ಪನೆಯ ಗೆರೆ ಎಳೆದರು. “ಅಧಿಕಾರದಲ್ಲಿ ಇದ್ದದ್ದು ನಾಲ್ಕೂವರೆ ವರ್ಷ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ಅಧಿಕಾರಕ್ಕೆ ಮೊದಲು ಈ ಹದಿನೇಳು ವರ್ಷ ಆತ ಏನು ಮಾಡಿದ ಎಂದು ಕೇಳಬೇಕಪ್ಪಾ” ಎಂದರು. ಆಮೇಲಿನ ಕೆಲವು ವಾರ ಚರಿತ್ರೆಯ ಅವಧಿ ಬಂದಾಗಲೆಲ್ಲ ಆ ಗೆರೆಯ ಮೇಲೆ ಒಂದೊಂದು ಇಸವಿ ಸೇರುತ್ತಾ ಹೋಯಿತು.

ಮೊದಲು ಊರಿನಿಂದ ಶುರು ಮಾಡಿದರು. ರೆಡ್ಡಿಯವರು ಹುಟ್ಟಿದ್ದು 1902ರಲ್ಲಿ, ಆಗ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದ ಕ್ಯಾಸಂಬಳ್ಳಿಯಲ್ಲಿ. ಅದೇ ವರ್ಷ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಗಣಿಯ ಯಂತ್ರಗಳು ವಿದ್ಯುತ್ತಿನಿಂದ ತಿರುಗುತ್ತಿದ್ದಾಗ ಅಲ್ಲಿಂದ ಅಷ್ಟೇನೂ ದೂರವಿಲ್ಲದ ಹಳ್ಳಿಗಳಲ್ಲಿ ಸೀಮೆಎಣ್ಣೆಯ ಬುಡ್ಡಿ ಉರಿಯುತ್ತಿತ್ತು, ರೈತ ರಾಗಿ ಹೊಲದ ಬದುವಿನಲ್ಲಿ ನಿಂತು ಮೋಡ ನೋಡುತ್ತಿದ್ದ. ನಮ್ಮಲ್ಲಿ ಅರ್ಧಕ್ಕರ್ಧ ಹುಡುಗರು ಅಂಥದೇ ಮನೆಗಳಿಂದ ಬಂದವರು. ಹಾಗಾಗಿ ಈ ಮಾತು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾನೂನು ಓದಿದ ರೆಡ್ಡಿಯವರು ಕೋರ್ಟಿನಲ್ಲಿ ವಾದ ಮಾಡಿಕೊಂಡು ಸುಖವಾಗಿ ಇರಬಹುದಿತ್ತು. 1930ರಲ್ಲಿ ಜೊತೆಗಾರರೊಂದಿಗೆ ಸೇರಿ ಪ್ರಜಾಪಕ್ಷ ಕಟ್ಟಿದರು. ರೈತರ ಕಷ್ಟ ಮತ್ತು ಜವಾಬ್ದಾರಿ ಸರ್ಕಾರ, ಇವೆರಡೇ ಅವರ ಮಾತು. ಜವಾಬ್ದಾರಿ ಸರ್ಕಾರವೆಂದರೆ ಏನೆಂದು ಮೇಷ್ಟ್ರು ಒಂದಿಡೀ ಅವಧಿ ವಿವರಿಸಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಮೈಸೂರು ಸಂಸ್ಥಾನದಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ಆದರೆ ದಿವಾನರು ಉತ್ತರ ಹೇಳಬೇಕಾದದ್ದು ಮಹಾರಾಜರಿಗೆ, ಸಭೆಗಲ್ಲ. ಆ ಸಭೆ ದಿವಾನರನ್ನು ಇಳಿಸಲಾರದು. “ಕೇಳುವ ಹಕ್ಕು ಇದ್ದರೆ ಸಾಲದು, ಇಳಿಸುವ ಹಕ್ಕು ಇರಬೇಕು” ಎಂದು ಮೇಷ್ಟ್ರು ಮೇಜು ಕುಟ್ಟಿ ಹೇಳಿದರು. ಅವರು ಹಾಗೆ ಹೇಳಿದ್ದು ತುರ್ತುಪರಿಸ್ಥಿತಿಯ ನಡುವೆ. ಪತ್ರಿಕೆಗಳ ಮೇಲೆ ಸೆನ್ಸಾರ್ ಇದ್ದ ಕಾಲದಲ್ಲಿ ಒಬ್ಬ ಶಾಲಾ ಮೇಷ್ಟ್ರು ಮಕ್ಕಳ ಮುಂದೆ ಈ ಮಾತು ಆಡಲು ಎಷ್ಟು ಎದೆಗಾರಿಕೆ ಬೇಕಿತ್ತೆಂಬುದು ನಾನು ಕಾಲೇಜು ಸೇರಿದ ಮೇಲೆ ಹೊಳೆಯಿತು.

ಗೆರೆಯ ಮೇಲೆ ಮುಂದಿನ ಇಸವಿ 1934. ಅದಕ್ಕೂ ಮೊದಲೇ, 1917ರಲ್ಲಿ, ಬ್ರಾಹ್ಮಣೇತರ ಮುಖಂಡರು ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡಿದ್ದರು. ಅದು ಮತ್ತು ಪ್ರಜಾಪಕ್ಷ ಒಂದಾಗಿ ಪ್ರಜಾ ಸಂಯುಕ್ತ ಪಕ್ಷವಾಯಿತು. 1937ರಲ್ಲಿ ಆ ಪಕ್ಷ ಕಾಂಗ್ರೆಸ್ಸಿನೊಡನೆ ಸೇರಿತು. ಕೇಳಲು ಇದು ಒಣ ವಿವರದಂತೆ ತೋರುತ್ತದೆ, ಆದರೆ ರೆಡ್ಡಿಯವರ ಬದುಕಿನ ತಿರುಳು ಇಲ್ಲಿಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಸ್ಥಾನದ ಕಾಂಗ್ರೆಸ್ ಅಲ್ಲಿಯತನಕ ಹೆಚ್ಚಾಗಿ ಪೇಟೆಯ ವಿದ್ಯಾವಂತರ ಪಕ್ಷವಾಗಿತ್ತು. ಹಳ್ಳಿಯ ಒಕ್ಕಲು ಮಕ್ಕಳ ಮುಖಂಡರು ಅದನ್ನು ಅನುಮಾನದಿಂದಲೇ ನೋಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡದವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸುವ ಕೆಲಸಕ್ಕೆ ಬೇಕಾದ ತಾಳ್ಮೆ ಭಾಷಣ ಹೊಡೆಯುವವರಿಗೆ ಬರುವುದಿಲ್ಲ. ಆ ಸೇರ್ಪಡೆ ಆಗದೆ ಇದ್ದಿದ್ದರೆ 1947ರಲ್ಲಿ ಹಳ್ಳಿ ಹಳ್ಳಿಯಿಂದ ಜನ ಏಳುತ್ತಿರಲಿಲ್ಲ. ರೆಡ್ಡಿಯವರು 1937-38ರಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷರಾದರು, 1946-47ರಲ್ಲಿ ಮತ್ತೊಮ್ಮೆ ಆದರು.

1938 ಬಂದಾಗ ಮೇಷ್ಟ್ರು ಹಲಗೆಯ ಪಾಠ ನಿಲ್ಲಿಸಿ ನಮ್ಮನ್ನು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋದರು. ಗೌರಿಬಿದನೂರು ಆಗ ನಮ್ಮ ಜಿಲ್ಲೆಯೇ, ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಬಸ್ಸಿನಲ್ಲಿ ಕಡಲೆಕಾಯಿ ತಿನ್ನುತ್ತಾ ಗಲಾಟೆ ಮಾಡಿಕೊಂಡು ಹೋದ ನಾವು ಅಲ್ಲಿ ಇಳಿದ ಮೇಲೆ ತೆಪ್ಪಗಾದೆವು. ಆ ಹಳೆಯ ಅಶ್ವತ್ಥ ಆಗಿನ್ನೂ ನಿಂತಿತ್ತು. ಬುಡದ ಸುತ್ತ ಲೆಕ್ಕವಿಲ್ಲದಷ್ಟು ನಾಗರಕಲ್ಲು, ಅವುಗಳ ಹೆಡೆಯ ಮೇಲೆ ಅರಿಸಿನ, ಕುಂಕುಮ, ಒಣಗಿದ ಹಾಲಿನ ಬಿಳಿ ಕಲೆ. 1938ರ ಏಪ್ರಿಲ್ 25ರಂದು ಇಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿನವರು ತಮ್ಮ ಧ್ವಜ ಹಾರಿಸಿ ಇನ್ನೂ ಎರಡು ವಾರ ಆಗಿತ್ತಷ್ಟೆ. ಸತ್ತವರು ನಮ್ಮ ಸೀಮೆಯ ಸಾಮಾನ್ಯ ಜನ. ಈ ಸುದ್ದಿಗೆ ದೇಶವೇ ಬೆಚ್ಚಿತು, ಸರ್ದಾರ್ ಪಟೇಲರು ಮತ್ತು ಆಚಾರ್ಯ ಕೃಪಲಾನಿಯವರು ಮೈಸೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟ ಹಾರಿಸಲು ಒಪ್ಪಿಗೆ ಸಿಕ್ಕಿತು. ನಾಗರಕಲ್ಲುಗಳ ಪಕ್ಕದಲ್ಲಿ ನಿಂತು ಮೇಷ್ಟ್ರು ಇದನ್ನೆಲ್ಲ ಹೇಳಿದ್ದು ಮೆಲುದನಿಯಲ್ಲಿ. ಪೂಜೆಗೆ ಬಂದಿದ್ದ ಹೆಂಗಸರೂ ಸುತ್ತ ನಿಂತು ಕೇಳಿದರು.

ಆಮೇಲೆ 1947. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಸಂಸ್ಥಾನದಲ್ಲಿ ದಿವಾನರ ಆಡಳಿತವೇ ಮುಂದುವರಿದಿತ್ತು. ಆಗಸ್ಟ್ 15 ಕಳೆದು ಸೆಪ್ಟೆಂಬರ್ ಮೊದಲ ದಿನವೇ ಚಳವಳಿ ಶುರುವಾಯಿತು, ಅದೇ ‘ಮೈಸೂರು ಚಲೋ’. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ವಿರುದ್ಧ ‘ಆರ್ಕಾಟ್ ಬಾಯ್ಕಾಟ್’ ಎಂಬ ಕೂಗು ಬೀದಿಬೀದಿಗಳಲ್ಲಿ ಎದ್ದಿತು. ರೆಡ್ಡಿಯವರೂ ಇತರ ಮುಖಂಡರೂ ಸೆರೆಮನೆ ಸೇರಿದರು. ಮೈಸೂರಿನಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತವನ್ನು ಅಲ್ಲಿಗೆ ಹೋದವರೆಲ್ಲ ನೋಡಿರುತ್ತಾರೆ. ಅಕ್ಟೋಬರ್ ಹೊತ್ತಿಗೆ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದರು. ಆ ತಿಂಗಳ ಕೊನೆಯ ವಾರದಲ್ಲಿ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಎಚ್.ಸಿ. ದಾಸಪ್ಪ, ಕೆ.ಟಿ. ಭಾಷ್ಯಂ ಅಂಥವರು ಅದರಲ್ಲಿ ಇದ್ದರು.

ಅಲ್ಲಿಗೆ ಮೇಷ್ಟ್ರ ಗೆರೆ ಮುಗಿಯಿತು. ಮುಂದಿನ ಕಥೆಯನ್ನು ಅವರು ಬೇಗ ಬೇಗ ಹೇಳಿ ಮುಗಿಸಿದರು, ನಾನೂ ಹಾಗೆಯೇ ಮಾಡುತ್ತೇನೆ. 1949ರಲ್ಲಿ ಬೆಂಗಳೂರಿನ ಪೇಟೆ ಮತ್ತು ದಂಡು ಪ್ರದೇಶ ಎರಡೂ ಒಂದೇ ನಗರಪಾಲಿಕೆಯಾದದ್ದು, 1950ರಲ್ಲಿ ಸಂಸ್ಥಾನ ಗಣರಾಜ್ಯದ ಒಂದು ರಾಜ್ಯವಾದದ್ದು, 1951ರ ಜುಲೈ 13ರಂದು ನೆಹರೂ ಅವರು ವಿಧಾನಸೌಧಕ್ಕೆ ಶಂಕುಸ್ಥಾಪನೆ ಮಾಡಿದ್ದು, ಎಲ್ಲವೂ ರೆಡ್ಡಿಯವರ ಕಾಲದಲ್ಲಿ. ಮೊದಲ ಮಹಾಚುನಾವಣೆಯ ನಂತರ 1952ರ ಮಾರ್ಚಿನಲ್ಲಿ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದರು. ವಿಧಾನಸೌಧದ ನಕ್ಷೆಯನ್ನು ಹಿಗ್ಗಿಸಿ ಇಂದಿನ ಭವ್ಯ ರೂಪ ಕೊಟ್ಟವರು ಅವರು. ಕೆಂಗಲ್ಲರಿಗೆ ಸಲ್ಲಬೇಕಾದ ಕೀರ್ತಿ ಸಲ್ಲಲೇಬೇಕು. ಆದರೆ ದೊರೆಯ ಕೈಯಿಂದ ಅಧಿಕಾರವನ್ನು ಜನರ ಕೈಗೆ ತಂದುಕೊಟ್ಟವರ ಕೆಲಸ ಕಲ್ಲಿನಲ್ಲಿ ಕಾಣುವುದಿಲ್ಲ ಎಂಬ ಕಾರಣಕ್ಕೆ ಅವರನ್ನು ಮರೆಯುವುದು ನನಗೆ ಸಂಕಟದ ವಿಷಯ. ರೆಡ್ಡಿಯವರು ಕೇಂದ್ರದಲ್ಲಿ ಉತ್ಪಾದನಾ ಖಾತೆಯ ಸಚಿವರಾದರು, 1957ರಲ್ಲಿ ಕೋಲಾರದಿಂದಲೇ ಲೋಕಸಭೆಗೆ ಗೆದ್ದರು, 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದರು.

ಮೇಷ್ಟ್ರು ಈಗ ಇಲ್ಲ. ಈ ಸಂಚಿಕೆಯನ್ನು ಓದುವ ಈಗಿನ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ ಇದೆ. ಕ್ಯಾಸಂಬಳ್ಳಿ, ಬೇತಮಂಗಲ, ಗೌರಿಬಿದನೂರು ಕಡೆಯ ಮನೆಗಳಲ್ಲಿ ಚಳವಳಿಗೆ ಹೋದವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಅವರ ಪೆಟ್ಟಿಗೆಗಳಲ್ಲಿ ಕರಪತ್ರಗಳು, ಪ್ರಜಾಪಕ್ಷದ ಕಾಲದ ಕಾಗದಗಳು, ಸೆರೆಮನೆಯಿಂದ ಬರೆದ ಪತ್ರಗಳು ಉಳಿದಿದ್ದರೂ ಉಳಿದಿರಬಹುದು. ಗೆದ್ದಲು ಹಿಡಿಯುವ ಮೊದಲು ಹೋಗಿ ಕೇಳಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ, ಹಿರಿಯರ ಮಾತನ್ನು ದಾಖಲಿಸಿಕೊಳ್ಳಿ. ಶಾಲೆಯ ಗ್ರಂಥಾಲಯದಲ್ಲಿ ಅದಕ್ಕೊಂದು ಬೀರು ಮಾಡಿಸಿಕೊಡುವ ಹೊಣೆಯನ್ನು ನಮ್ಮ ತರಗತಿಯವರು ಹೊರುತ್ತೇವೆ. ಬೇಸಿಗೆ ರಜೆಯಲ್ಲಿ ಹೊರಡುವ ಮಕ್ಕಳಿದ್ದರೆ ಮುಖ್ಯೋಪಾಧ್ಯಾಯರಿಗೆ ಹೆಸರು ಕೊಡಿ, ನಾನೂ ಜೊತೆಗೆ ಬರುತ್ತೇನೆ.