ಬೆಟ್ಟದಂಚಿನ ಬಿಳಿಗೆರೆ: ಕೊನೆಗೂ 11ನೇ ಹಾಳೆಯಲ್ಲಿ ಮಾಯ

ಡಾರ್ಕ್‌ರೂಮಿನಲ್ಲಿ ಕೈಯಾರೆ ಹಾಕಿದ ಪ್ರಿಂಟ್: ಮಡಿಕೇರಿಯ ರಾಜಾಸೀಟ್ ವ್ಯೂಪಾಯಿಂಟಿನಿಂದ ತೆಗೆದ 35 ಎಂಎಂ ನೆಗೆಟಿವ್, 8×10 ಇಂಚಿನ ಫೈಬರ್ (ಪ್ಲಾಸ್ಟಿಕ್ ಲೇಪವಿಲ್ಲದ) ಪೇಪರ್. ಹತ್ತು ಹಾಳೆ ಕಸದಬುಟ್ಟಿಗೆ.

ಎನ್‌ಲಾರ್ಜರ್ (ನೆಗೆಟಿವನ್ನು ಪೇಪರಿನ ಮೇಲೆ ದೊಡ್ಡದಾಗಿ ಬಿಡುವ ಯಂತ್ರ) ಲೆನ್ಸಿನ ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಎಫ್/8ರಲ್ಲಿದ್ದರೆ ಕಣಿವೆಗೆ 14 ಸೆಕೆಂಡ್ ಬೆಳಕು ಸಾಕು. ಮೋಡಕ್ಕೆ ಎರಡು ಸ್ಟಾಪ್ ಹೆಚ್ಚು (ಒಂದು ಸ್ಟಾಪ್ ಅಂದರೆ ಇಮ್ಮಡಿ ಬೆಳಕು), ಅಂದರೆ ಇನ್ನೂ 42 ಸೆಕೆಂಡ್ ಬರ್ನ್, ಆ ಭಾಗಕ್ಕಷ್ಟೇ ಹೆಚ್ಚುವರಿ ಬೆಳಕು ಕೊಟ್ಟು ಕಪ್ಪಾಗಿಸುವುದು. ನೆಲ ಮುಚ್ಚುವ ರಟ್ಟು ಚೂರು ಮೇಲೆ ಹೋದರೆ ಬೆಟ್ಟದ ತಲೆಗೆ ಬಿಳಿ ಪ್ರಭಾವಳಿ. ಚೂರು ಕೆಳಗಿಳಿದರೆ ಮಂಜಿಗೆ ಮಸಿ. ಮುಂದಿನ ಸಿಲ್ವರ್ ಓಕ್ ಸಾಲು ಹೇಗೂ ಕಪ್ಪು, ಅದರ ಮೇಲೆ ಬೆಳಕು ಚೆಲ್ಲಿದರೂ ಗೊತ್ತಾಗದು. ಕೈಕೊಡುವುದು ಅದರ ಹಿಂದಿನ ಮಂಜು ಕವಿದ ಬೆಟ್ಟ.

ಆ ಬಿಳಿಗೆರೆ ಕಂಡವರ ಮೊದಲ ಪ್ರಶ್ನೆ: "ಫೋಟೋಶಾಪಾ?" ಅದೇ ನೆಗೆಟಿವ್ ಸ್ಕ್ಯಾನ್ ಮಾಡಿ, ಆಕಾಶವನ್ನು ಮೌಸಿನಲ್ಲೇ ನಯವಾಗಿ ಕಪ್ಪಾಗಿಸಿದ ಇಂಕ್‌ಜೆಟ್ ಪ್ರಿಂಟಿಗೆ "ಎಷ್ಟು ಸಹಜವಾಗಿದೆ!" ಸಂಶಯ ಹುಟ್ಟಿಸುವುದು ತಿದ್ದಿದ್ದಲ್ಲ, ತಿದ್ದಿದ್ದು ಕಂಡದ್ದು. ಆ ಸಾಫ್ಟ್‌ವೇರಿನ ಬರ್ನ್ ಟೂಲಿನ ಗುರುತೇ ಬೆರಳು ಮಡಚಿದ ಕೈ, ನಮ್ಮ ಎನ್‌ಲಾರ್ಜರ್ ಕೆಳಗಿನ ಕೈ! 1850ರ ದಶಕದಲ್ಲೇ ಫ್ರೆಂಚ್ ಫೋಟೋಗ್ರಾಫರ್ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಸೇರಿಸಿ ಪ್ರಿಂಟ್ ಹಾಕುತ್ತಿದ್ದ. ಆಗಿನ ನೆಗೆಟಿವ್ ಪ್ಲೇಟು ನೀಲಿಗೆ ಅತಿ ಸೂಕ್ಷ್ಮ, ಒಂದೇ ಎಕ್ಸ್‌ಪೋಶರಿನಲ್ಲಿ ಆಕಾಶ ಬೋಳು.

ಈಗ ರಟ್ಟಿನ ವಿಷಯ. ಲೆನ್ಸಿನಿಂದ ಪೇಪರಿಗೆ 45 ಸೆಂ.ಮೀ. ರಟ್ಟು ನಡುಮಧ್ಯೆ ಇದ್ದರೆ ನೆರಳಿನಂಚು 6 ಮಿ.ಮೀ. ಮಸುಕು, ಪೇಪರಿನಿಂದ 9 ಸೆಂ.ಮೀ. ಎತ್ತರಕ್ಕೆ ಇಳಿಸಿದರೆ ಒಂದೂವರೆ. (ಅಪರ್ಚರಿನ ಅಗಲವನ್ನು ಪೇಪರ್-ರಟ್ಟು ದೂರದಿಂದ ಗುಣಿಸಿ, ರಟ್ಟು-ಲೆನ್ಸ್ ದೂರದಿಂದ ಭಾಗಿಸಿ. 50 ಎಂಎಂ ಲೆನ್ಸಿಗೆ ಎಫ್/8ರಲ್ಲಿ ಅಗಲ 6 ಮಿ.ಮೀ. ಚಿಲ್ಲರೆ.) ಹಾಗಾಗಿ 9 ಸೆಂ.ಮೀ. ಎತ್ತರದ ಎರಡು ಡಬ್ಬಿಗಳ ಮೇಲೆ ರಟ್ಟಿಟ್ಟು, ಅದರ ಮೇಲೆ ನೆಗೆಟಿವಿನ ಬಿಂಬ ಬೀಳಿಸಿ, ಬೆಟ್ಟದ ಗೆರೆ ಪೆನ್ಸಿಲಿನಲ್ಲಿ ಎಳೆದು ಕತ್ತರಿಸಿದ್ದು. ಗೆರೆ ಮಸುಕಾಗಿಯೇ ಬೀಳುತ್ತದೆ. ಮಸುಕಿನ ನಟ್ಟನಡುವೆ ಎಳೆಯಬೇಕು. ಬರ್ನ್ ಉದ್ದಕ್ಕೂ ರಟ್ಟನ್ನು ಡಬ್ಬಿಗಳ ಮೇಲೆಯೇ, ಆಕಾಶದತ್ತ ಒಮ್ಮೆ ನೆಲದತ್ತ ಒಮ್ಮೆ, 2 ಮಿ.ಮೀ. ಅಲುಗಾಡಿಸುತ್ತಿರಬೇಕು.

ಇಷ್ಟಾದರೂ 10ನೇ ಹಾಳೆ ಒದ್ದೆಯಿದ್ದಾಗ ಚಿನ್ನ, ಒಣಗಿದ ಮೇಲೆ ಮಂಜೆಲ್ಲ ಕೊಳೆ. ಫೈಬರ್ ಒಣಗುತ್ತಾ ಒಂದಿಷ್ಟು ಕಪ್ಪಾಗುವುದು ಗೊತ್ತಿದ್ದದ್ದೇ, ಆದರೆ ಜುಲೈನ ಮಡಿಕೇರಿಯಲ್ಲಿ ಬಟ್ಟೆಯೇ ಒಣಗದು, ಪ್ರಿಂಟು ಒಣಗುವುದನ್ನು ಯಾರು ಕಾಯುತ್ತಾರೆ? ಟೆಸ್ಟ್ ಸ್ಟ್ರಿಪ್ಪಿಗೆ (ಪರೀಕ್ಷೆಗೆಂದು ಪ್ರಿಂಟ್ ಹಾಕಿದ ಪೇಪರ್ ತುಂಡಿಗೆ) ಹೇರ್ ಡ್ರೈಯರ್ ಹಿಡಿದು ನೋಡಿ, 14ನ್ನು 13ಕ್ಕೆ, 42ನ್ನು 39ಕ್ಕೆ ಇಳಿಸಿದರೆ ಸರಿಹೋಯಿತು. ಕೈ ಅತಿ ಹೆಚ್ಚು ಆಡಿದ್ದು ಈ 11ನೇ ಹಾಳೆಯಲ್ಲೇ, ಯಾರೂ ಏನೂ ಕೇಳದ ಹಾಳೆಯೂ ಇದೇ.

 

ಮುಂದಿನದು ಲ ಗ್ರೇ ದಾರಿ: ಮಡಿಕೇರಿ ಹತ್ತಿರದ ಮಾಂದಲಪಟ್ಟಿ ಬೆಟ್ಟದ ಮೋಡ, ರಾಜಾಸೀಟಿನ ಕಣಿವೆ, ಎರಡು ನೆಗೆಟಿವ್ ಒಂದೇ ಪ್ರಿಂಟಿನಲ್ಲಿ. ಮೋಡದ ಫಿಲ್ಮಿಗೆ ಕೆಫೆನಾಲ್ (ಕಾಫಿಯಿಂದ ಮಾಡುವ ಫಿಲ್ಮ್ ಡೆವಲಪರ್) ಯೋಚನೆಯಿದೆ: ಲೀಟರಿಗೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ 16, ಇನ್‌ಸ್ಟಂಟ್ ಕಾಫಿ 40, 20 ಡಿಗ್ರಿಯಲ್ಲಿ 15 ನಿಮಿಷ. ಸುತ್ತಲೂ ಕಾಫಿ ತೋಟ, ಆದರೂ ಅಂಗಡಿಯಿಂದ ಡಬ್ಬಿ ಕಾಫಿಯನ್ನೇ ತರಬೇಕು. ಅದೂ ಚಿಕೋರಿ ಇಲ್ಲದ್ದು.